ಏಳು ಮಾತ್ರೆಯ ಭಾನುವಾರ

ಟೊರೆನ್ಸ್
ಮಾರ್ಚ್ 14, 1993

ಶರಣು ಅವರಿಗೆ ನಮಸ್ಕಾರ.

ನಾನು ಮೋಹಿನಿ, ಎಲ್ ಸೆಗುಂಡೋದ ರೇಡಾರ್ ಆಫೀಸಿನಲ್ಲಿ ನಿಮ್ಮ ಜೊತೆಗಿದ್ದ ಚಂದ್ರಮೋಹನ್ ಅವರ ಹೆಂಡತಿ. ಹೋದ ತಿಂಗಳು ನೀವು ಸ್ಯಾನ್ ಡಿಯಾಗೊಗೆ ಹೊರಡುವ ಮುಂಚೆ ನಿಮ್ಮ ನೀಲಿ ಕಾರನ್ನು ನಾವು ಕೊಂಡೆವಲ್ಲ, ಕೀಯನ್ನು ನನ್ನ ಕೈಗೇ ಕೊಟ್ಟಿರಿ. ಒಂದು ಲೋಟ ಕಾಫಿಗೂ ನೀವು ನಿಲ್ಲಲಿಲ್ಲ. ವಿಳಾಸ ಕಾರಿನ ಕಾಗದಗಳಲ್ಲಿ ಸಿಕ್ಕಿತು. ಇಂಗ್ಲಿಷಿನಲ್ಲಿ ಬರೆಯಲು ಹೊರಟವಳು, ನಿಮ್ಮ ಊರು ಬಾಗಲಕೋಟೆ ಎಂದು ಇವರು ಹೇಳಿದ ಮೇಲೆ ಮನಸ್ಸು ಬದಲಿಸಿದೆ.

ವಿಷಯ ಏನೆಂದರೆ, ಕಾರಿನ ಟೇಪ್ ಪ್ಲೇಯರಿನೊಳಗೆ ನಿಮ್ಮ ಒಂದು ಕ್ಯಾಸೆಟ್ ಸಿಕ್ಕಿಹಾಕಿಕೊಂಡಿದೆ. ಎಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಅದು ಹಾಡಲು ಶುರು. ಒಂದು ಮಗ್ಗುಲು ಮುಗಿದರೆ ತಾನೇ ಇನ್ನೊಂದಕ್ಕೆ ತಿರುಗುತ್ತದೆ. ರೇಡಿಯೊ ಹಾಕುವಂತಿಲ್ಲ. ಸ್ಯಾನ್ ಪೀಡ್ರೊದ ಹಡಗು ಏಜೆಂಟರ ಆಫೀಸಿಗೆ ನಾನು ದಿನಾ ಹೋಗಿಬರುತ್ತೇನೆ, ಇಪ್ಪತ್ತೈದು ನಿಮಿಷದ ದಾರಿ. ಅಷ್ಟೂ ಹೊತ್ತು ಒಂದೇ ಹಾಡು! ಮಗಳು ಶ್ರೀಜಾಗೆ ಹದಿನಾಲ್ಕು ವರ್ಷ. ಅವಳು ಕಿವಿ ಮುಚ್ಚಿಕೊಂಡು, "ಅಮ್ಮಾ, ದಿಸ್ ಈಸ್ ಸೋ ವಿಯರ್ಡ್" ಅನ್ನುತ್ತಾಳೆ. ಇವರು, "ಎಂತದು ಮಾರಾಯ್ತಿ ಇದು, ಮುಗಿಯುವುದೇ ಇಲ್ಲವಾ?" ಎಂದು ಕೇಳಿದರು. ಬೆಣ್ಣೆ ಚಾಕು ಹಾಕಿ ಎಬ್ಬಿಸಲು ನೋಡಿದೆ, ಆಗಲಿಲ್ಲ.

ಮೊದಲ ವಾರ ತಲೆನೋವು ಬಂತು. ಮೂರನೆಯ ವಾರ, ಬಂದರಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ನನ್ನ ಬೆರಳುಗಳು ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದುದನ್ನು ಕಂಡೆ. ಎಣಿಸಿದೆ. ಏಳು. ಹಿಂದಿನವನು ಹಾರ್ನ್ ಹೊಡೆದ ಮೇಲೇ ಮುಂದೆ ಹೋದದ್ದು.

ಕ್ಯಾಸೆಟ್ ತೆಗೆಯುವುದು ಹೇಗೆ ಎಂದು ದಯವಿಟ್ಟು ತಿಳಿಸಿ. ಹಾಗೇ, ಅದು ಏನು ಸಂಗೀತ ಎಂದೂ.

ಇತಿ,
ಮೋಹಿನಿ


ಸ್ಯಾನ್ ಡಿಯಾಗೊ
ಏಪ್ರಿಲ್ 2, 1993

ಮೋಹಿನಿ ಮೇಡಂ ಅವರಿಗೆ ಶರಣು ಮಾಡುವ ನಮಸ್ಕಾರಗಳು.

ಚಾಕು ಮಾತ್ರ ಹಾಕಬೇಡಿರಿ. ಆ ಪ್ಲೇಯರಿಗೆ ಮೊದಲಿನಿಂದಲೂ ಈ ಚಾಳಿ ಇದೆ. ಬಿಡಿಸಲು ಒಂದು ಉಪಾಯ ಉಂಟು, ಆದರೆ ನೀವು ಏಳು ಎಣಿಸಿದ್ದನ್ನು ಓದಿದ ಮೇಲೆ ಅದನ್ನು ಹೇಳಲು ನನಗೆ ಮನಸ್ಸಾಗುತ್ತಿಲ್ಲ. ಕ್ಷಮಿಸಿರಿ.

ಇದಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರೆ. ನಿಮ್ಮ ಕಾರಿನಲ್ಲಿರುವುದು ಕಾಪರ್ ಲ್ಯಾಂಟರ್ನ್ ಎಂಬ ಇಂಗ್ಲೆಂಡಿನ ಗುಂಪು. ನಾಲ್ಕೇ ಜನ, ಎರಡೇ ರೆಕಾರ್ಡು ಮಾಡಿ ಚದುರಿಹೋದರು. ಕ್ಯಾಸೆಟ್ಟಿನ ಒಂದೊಂದು ಮಗ್ಗುಲೂ ಒಂದೇ ಹಾಡು, ಇಪ್ಪತ್ತೆರಡು ನಿಮಿಷ.

ನಮ್ಮಪ್ಪ ರೇಡಿಯೊದಲ್ಲಿ ಹಿಂದೂಸ್ತಾನಿ ಕೇಳುವಾಗ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಒಂದು ರಾಗ ಅರಳಲು ಒಂದು ತಾಸು ಬೇಕು ಎಂದು ತಿಳಿದು ಬೆಳೆದವನು ನಾನು. ಓದಲು ಈ ದೇಶಕ್ಕೆ ಬಂದಾಗ ಇಲ್ಲಿಯ ಹಾಡುಗಳೆಲ್ಲ ಬಾಗಿಲು ತೆರೆಯುವ ಮೊದಲೇ ಮುಗಿದುಹೋಗುತ್ತಿದ್ದವು. ರಾಕ್ ಎಂದರೆ ಇಷ್ಟೇ ಎಂದುಕೊಂಡಿದ್ದೆ. ಒಂದು ದಿನ ರೂಮ್‌ಮೇಟ್ ಈ ಕ್ಯಾಸೆಟ್ ಹಾಕಿದ. ಏಳನೆಯ ನಿಮಿಷಕ್ಕೆ ಗಿಟಾರು ನಿಂತು ಕೊಳಲು ಬರುತ್ತದಲ್ಲ, ಅಲ್ಲಿ ನಾನು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟೆ. ಅದು ನಮ್ಮ ರೂಪಕ ತಾಳ, ಮೇಡಂ. ಸರಿಯಾಗಿ ಏಳು ಮಾತ್ರೆ.

ನಿಮ್ಮ ಆಫೀಸಿನ ಹತ್ತಿರವೇ, ಸ್ಯಾನ್ ಪೀಡ್ರೊದಲ್ಲಿ, ಹ್ಯಾಂಕ್ ಎಂಬ ಹಿರಿಯರಿದ್ದಾರೆ. ಬಂದರಿನಲ್ಲಿ ಕ್ರೇನ್ ನಡೆಸಿ ರಿಟೈರ್ ಆದವರು. ಭಾನುವಾರ ಮಧ್ಯಾಹ್ನ ಎರಡಕ್ಕೆ ಅವರ ಗರಾಜಿನಲ್ಲಿ ಈ ಸಂಗೀತದ ಹುಚ್ಚಿರುವವರೆಲ್ಲ ಸೇರುತ್ತಾರೆ, ರೆಕಾರ್ಡು ಕೇಳುತ್ತಾರೆ, ಸ್ವಲ್ಪ ನುಡಿಸುತ್ತಾರೆ. ಮೂರು ವರ್ಷ ನಾನೂ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ. ನೀವು ಹೋದರೆ, ನಾನು ಆರಾಮ ಇದ್ದೇನೆ, ಇಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ ಎಂದು ತಿಳಿಸಿರಿ.

ಚಂದ್ರಮೋಹನ್ ಸಾಹೇಬರಿಗೆ ನಮಸ್ಕಾರ.

ಇತಿ,
ಶರಣು


ಟೊರೆನ್ಸ್
ಮೇ 9, 1993

ಶರಣು ಅವರೇ,

ಮೊದಲು ಜಗಳ. ರೂಪಕ ಎಂದರೆ ಆರು ಮಾತ್ರೆ! ಏಳು ಮಾತ್ರೆಯದು ತ್ರಿವುಡೆ. ನಮ್ಮ ಯಕ್ಷಗಾನದಲ್ಲಿ ಯಾರನ್ನು ಬೇಕಾದರೂ ಕೇಳಿ. ಬಾಗಲಕೋಟೆಯಲ್ಲಿ ನಿಮಗೆ ಒಂದು ಮಾತ್ರೆ ಹೆಚ್ಚಿಗೆ ಕೊಟ್ಟವರು ಯಾರೋ ಕಾಣೆ.

ಎರಡನೆಯದು, ಹೋದೆ. ಮೂರು ಭಾನುವಾರ ಆ ಬೀದಿಯಲ್ಲಿ ಕಾರು ನಿಲ್ಲಿಸಿ, ಇಳಿಯದೆ ವಾಪಸ್ಸು ಬಂದಿದ್ದೆ. ನಲವತ್ತೆರಡು ವರ್ಷದ ಹೆಂಗಸು, ಗುರುತಿಲ್ಲದವರ ಗರಾಜಿಗೆ ಏನೆಂದು ಹೋಗುವುದು? ನಾಲ್ಕನೆಯ ಸಲ ಹ್ಯಾಂಕ್ ಅವರೇ ಬಂದು ಕಿಟಕಿ ತಟ್ಟಿದರು. "ಇದು ಶರಣುವಿನ ಕಾರು. ನೀವು ಕದ್ದಿದ್ದರೂ ಪರವಾಗಿಲ್ಲ, ಒಳಗೆ ಬನ್ನಿ" ಅಂದರು.

ಒಂದು ಹರಕು ಸೋಫಾ, ಗೋಡೆಯ ತುಂಬ ರೆಕಾರ್ಡು. ಆರೇಳು ಜನ ಇದ್ದರು. ಕೊಳಲು ನುಡಿಸುವ ಡೆಬ್ರಾ ಎಂಬ ಟೀಚರ್ ನನಗೆ ಜಾಗ ಬಿಟ್ಟುಕೊಟ್ಟರು. ಹಾಡು ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ, ಮುಗಿದ ಮೇಲೆ ಒಬ್ಬೊಬ್ಬರೂ ಒಂದು ಮಾತು ಹೇಳಬೇಕು. ನನ್ನ ಸರದಿ ಬಂದಾಗ ಏನೂ ತೋಚದೆ, "ನಡುವೆ ಅದು ಏಳರಿಂದ ಐದಕ್ಕೆ ಹೋಗಿ ಮತ್ತೆ ಏಳಕ್ಕೆ ಬರುತ್ತದೆ" ಅಂದೆ. ಎಲ್ಲರೂ ನನ್ನನ್ನೇ ನೋಡಿದರು. ಆ ಐದನ್ನು ಹಿಡಿಯಲು ಡೆಬ್ರಾಗೆ ಎರಡು ವರ್ಷ ಬೇಕಾಯಿತಂತೆ.

ಮೂಲೆಯಲ್ಲಿ ಬಟ್ಟೆ ಹೊದಿಸಿದ ದೊಡ್ಡ ಕೀಬೋರ್ಡ್ ಇದೆ. ಮೆಲೊಟ್ರಾನ್ ಅಂತೆ. ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ಪಟ್ಟಿ, ಒತ್ತಿದರೆ ಪಿಟೀಲಿನ ದನಿ, ಎಂಟೇ ಸೆಕೆಂಡು. ಅದನ್ನು ನೀವು ಬಿಚ್ಚಿ, ರಿಪೇರಿ ನಡುವೆ ಬಿಟ್ಟು ಹೋದಿರಂತೆ. ಸ್ಕ್ರೂಗಳೆಲ್ಲ ಕಾಫಿ ಡಬ್ಬಿಯಲ್ಲಿವೆ. "ಅವನು ಬಂದು ಮುಗಿಸುತ್ತಾನೆ" ಎಂದರು ಹ್ಯಾಂಕ್. ನಿಮಗೆ ಒಳ್ಳೆಯ ಕೆಲಸ ಸಿಕ್ಕಿದೆ ಎಂದು ಹೇಳಿದೆ. ಖುಷಿಪಟ್ಟರು. ಆದರೆ ಒಂದು ಫೋನೂ ಮಾಡುವುದಿಲ್ಲ ಯಾಕೆ ಎಂದು ಕೇಳಿದರು.

ನನ್ನ ಅಪ್ಪ ಬ್ರಹ್ಮಾವರದ ಕಡೆಯ ಒಂದು ಮೇಳದಲ್ಲಿ ಚಂಡೆ ಬಾರಿಸುತ್ತಿದ್ದರು. ಮೇಳಕ್ಕೆ ರಜೆ ಇದ್ದಾಗ ಮನೆಯಲ್ಲಿ ಮಣೆಯ ಮೇಲೆ ಕೋಲು ಹಿಡಿದು ಅಭ್ಯಾಸ. ನಾನು ಎದುರು ಕೂತು ಇನ್ನೊಂದು ಮಣೆಯ ಮೇಲೆ ಬಾರಿಸುತ್ತಿದ್ದೆ. ಹನ್ನೆರಡು ತುಂಬಿದಾಗ ಕೋಲು ತೆಗೆದಿಟ್ಟರು. "ಸಾಕು ಮಗಾ. ಹೆಣ್ಣುಮಕ್ಕಳು ಚಂಡೆ ಹಿಡಿದರೆ ಜನ ನಗಾಡ್ತಾರೆ" ಅಂದರು. ಹೇಳುವಾಗ ಅವರ ಮುಖವೂ ಸಣ್ಣದಾಗಿತ್ತು. ಇದನ್ನು ಇವರಿಗೂ ಹೇಳಿದ ನೆನಪಿಲ್ಲ.

ಇನ್ನು ಮೇಡಂ ಎನ್ನಬೇಡಿ.

ಮೋಹಿನಿ


ಸ್ಯಾನ್ ಡಿಯಾಗೊ
ಮೇ 30, 1993

ಮೋಹಿನಿ ಅಕ್ಕಾರಿಗೆ ನಮಸ್ಕಾರ.

ನಮ್ಮ ಹಿಂದೂಸ್ತಾನಿಯಲ್ಲಿ ರೂಪಕ ಏಳೇ. ಆದರೆ ಜಗಳ ಆಮೇಲೆ.

ನೀವು ನಿಮ್ಮ ತಂದೆಯ ಮಾತು ಬರೆದಿರಿ. ಅದನ್ನು ಓದಿದ ಮೇಲೆ ನಿಮಗೆ ಸುಳ್ಳು ಬರೆಯುವುದು ನನ್ನಿಂದ ಆಗುತ್ತಿಲ್ಲ. ನನಗೆ ಇಲ್ಲಿ ಯಾವ ಒಳ್ಳೆಯ ಕೆಲಸವೂ ಸಿಕ್ಕಿಲ್ಲ. ಮೀರಾ ಮೇಸಾದಲ್ಲಿ ಚಿಕ್ಕಪ್ಪನ ಮಗಳು ವೈಷ್ಣವಿಯ ಮನೆಯಲ್ಲಿದ್ದೇನೆ. ಯೂನಿವರ್ಸಿಟಿಯ ಹತ್ತಿರ ಒಂದು ಕಾಪಿ ಅಂಗಡಿಯಲ್ಲಿ ವಿದ್ಯಾರ್ಥಿಗಳ ನೋಟ್ಸ್ ಜೆರಾಕ್ಸ್ ಮಾಡಿಕೊಡುತ್ತೇನೆ. ಅಪ್ಲೈ ಮಾಡಿದಲ್ಲೆಲ್ಲ ನನ್ನಂತೆಯೇ ಲೇಆಫ್ ಆದ ರೇಡಾರ್ ಎಂಜಿನಿಯರುಗಳು ಸಾಲಾಗಿ ಕೂತಿರುತ್ತಾರೆ. ಊರಿನಲ್ಲಿ ಅವ್ವನಿಗೂ ಹೇಳಿಲ್ಲ.

ನನಗೆ ದೊಡ್ಡ ಕೆಲಸ ಸಿಕ್ಕಿತು ಎಂದು ಹ್ಯಾಂಕ್ ಅವರಿಗೆ ನಾನೇ ಹೇಳಿ ಬಂದದ್ದು. ಆ ಗರಾಜಿನಲ್ಲಿ ನಾನು ಎಲ್ಲವನ್ನೂ ರಿಪೇರಿ ಮಾಡುವ ಮನುಷ್ಯ. ಅಲ್ಲಿ ಹೋಗಿ, ನನ್ನನ್ನು ಬೇಡವೆಂದರು ಎಂದು ಹೇಗೆ ಹೇಳಲಿ? ಕ್ಯಾಸೆಟ್ಟುಗಳ ಪೆಟ್ಟಿಗೆಯನ್ನು ಇಲ್ಲಿ ಬಿಚ್ಚಿಯೂ ಇಲ್ಲ. ನಿಮಗೆ ಪತ್ರ ಬರೆಯುವಾಗ ಮಾತ್ರ ಹಾಡುಗಳು ನೆನಪಾಗುತ್ತವೆ.

ಇದು ನಿಮ್ಮಲ್ಲೇ ಇರಲಿ ಅಕ್ಕಾ. ಯಾರಿಗೂ ಹೇಳಬೇಡಿರಿ. ಸಾಹೇಬರಿಗಂತೂ ಬೇಡ.

ನೀವು ಮಾತ್ರ ಗರಾಜಿಗೆ ಹೋಗುವುದನ್ನು ಬಿಡಬೇಡಿರಿ.

ಶರಣು


ಟೊರೆನ್ಸ್
ಆಗಸ್ಟ್ 8, 1993

ಶರಣು,

ಎರಡು ತಿಂಗಳಿಂದ ಬರೆಯಲಿಲ್ಲ. ಬರೆಯಲು ಕೂತರೆ ಮೊದಲ ಸಾಲೇ ಬರುತ್ತಿರಲಿಲ್ಲ.

ಜೂನ್ ಕೊನೆಗೆ ಊಟದ ಹೊತ್ತಿನಲ್ಲಿ ಇವರೊಡನೆ ಮಾತಾಡುತ್ತಾ, ಪಾಪ, ಆ ಶರಣುವನ್ನು ಯಾಕೆ ತೆಗೆದರೋ, ಅಷ್ಟು ಬುದ್ಧಿವಂತ ಎಂದೆ. ನಿನ್ನ ಜೆರಾಕ್ಸ್ ಅಂಗಡಿಯ ವಿಷಯ ಎತ್ತಿರಲಿಲ್ಲ. ಇವರು ತಟ್ಟೆಯಲ್ಲೇ ಕೈಯಿಟ್ಟು ಕೂತರು. ಆಮೇಲೆ ಹೇಳಿದರು: "ನಮ್ಮ ಗ್ರೂಪಿನಿಂದ ಹನ್ನೊಂದು ಹೆಸರು ಕೊಡಿ ಅಂದ್ರು. ಪಟ್ಟಿ ಮಾಡಿದ್ದು ನಾನೇ ಮೋಹಿನಿ. ಹೆಂಡತಿ ಮಕ್ಕಳಿರುವವರನ್ನು ಬಿಟ್ಟು, ಒಂಟಿ ಹುಡುಗರನ್ನು ಬರೆದೆ."

ಹಾಗಾದರೆ ಕಾರು? "ಅವನು ಕಾರು ಮಾರುತ್ತಾನೆ ಅಂತ ಗೊತ್ತಾಯ್ತು. ಬೇರೆ ಎಂತ ಮಾಡುವುದೆಂದು ತೋಚಲಿಲ್ಲ."

ಅವತ್ತು ಕೀ ಕೊಡುವಾಗ ನಿನಗೆ ಇದು ಗೊತ್ತಿತ್ತಾ? ಗೊತ್ತಿದ್ದೂ ಮೊದಲ ಪತ್ರದಲ್ಲಿ ಸಾಹೇಬರಿಗೆ ನಮಸ್ಕಾರ ಬರೆದೆಯಾ? ನಾನು ಆ ಕಾರಿನಲ್ಲಿ ಕೂತು ಸಂತೋಷಪಡುತ್ತಿದ್ದೆ. ಒಂದು ವಾರ ಬಸ್ಸಿನಲ್ಲಿ ಹೋದೆ. ಇವರ ಜೊತೆ ಮಾತು ಬಿಟ್ಟೆ. ಇವರೂ ಸರಿಯಾಗಿ ಉಣ್ಣಲಿಲ್ಲ.

ಇನ್ನೊಂದು. ಹೋದ ಭಾನುವಾರ ಹ್ಯಾಂಕ್ ಮೆಲೊಟ್ರಾನಿನ ಬಟ್ಟೆ ತೆಗೆದು ಧೂಳು ಒರೆಸುತ್ತಿದ್ದರು. ನಿನ್ನ ಮೇಲೆ ಬೇಸರದಿಂದ, "ದೊಡ್ಡ ಮನುಷ್ಯ ಆದ. ನಮ್ಮನ್ನು ಮರೆತ" ಅಂದರು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಲೇಆಫ್, ಜೆರಾಕ್ಸ್, ಎಲ್ಲ. ನೀನು ಬೇಡವೆಂದದ್ದು ನೆನಪಿತ್ತು, ಆದರೂ ಹೇಳಿದೆ.

ಬೈಯುವುದಾದರೆ ಬೈ.

ಮೋಹಿನಿ


ಸ್ಯಾನ್ ಡಿಯಾಗೊ
ಆಗಸ್ಟ್ 20, 1993

ಮೋಹಿನಿ ಮೇಡಂ ಅವರಿಗೆ,

ನಿನ್ನೆ ಹ್ಯಾಂಕ್ ಫೋನ್ ಮಾಡಿದ್ದರು. ಮನೆಯಲ್ಲಿಲ್ಲ ಎಂದು ವೈಷ್ಣವಿಯಿಂದ ಹೇಳಿಸಿದೆ. ನಾನು ನಿಮ್ಮಲ್ಲಿ ಕೇಳಿಕೊಂಡದ್ದು ಒಂದೇ ಒಂದು ಮಾತು.

ಕ್ಯಾಸೆಟ್ ಬಿಡಿಸಬೇಕಿದ್ದರೆ, ಒಂದು ಮಗ್ಗುಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಗುಂಡಿ ಒತ್ತಿ ಹಿಡಿಯಿರಿ. ಹೊರಗೆ ಬರುತ್ತದೆ. ದಯವಿಟ್ಟು ಇನ್ನು ಬರೆಯಬೇಡಿರಿ.

ಶರಣು


ಟೊರೆನ್ಸ್
ನವೆಂಬರ್ 12, 1993

ಶರಣು,

ಬರೆಯಬೇಡ ಎಂದು ನೀನು ಹೇಳಿದ್ದೆ. ನಾಳೆ ದೀಪಾವಳಿ. ಅದಕ್ಕಾಗಿ ಒಂದೇ ಹಾಳೆ.

ತಪ್ಪು ಮಾಡಿದೆ. ನಿನ್ನ ಮಾತನ್ನು ನಿನ್ನನ್ನು ಕೇಳದೆ ಹೇಳಬಾರದಿತ್ತು. ಇದಕ್ಕೆ 'ಆದರೆ' ಸೇರಿಸುವುದಿಲ್ಲ.

ಗರಾಜಿನ ಸುದ್ದಿ. ಹಳೆಯ ಡ್ರಮ್ ಸೆಟ್ಟಿನ ಒಂದು ಡ್ರಮ್ಮನ್ನು ಹ್ಯಾಂಕ್ ನನ್ನ ಮುಂದಿಟ್ಟು, ಕೋಲು ಕೊಟ್ಟರು. ಬಾರಿಸಿದೆ. ದಬದಬ ಎಂದಿತು. ಇನ್ನೂ ಬಿಗಿ ಮಾಡಿ ಎಂದೆ. ಬಿಗಿ ಮಾಡಿದರು. ಇನ್ನೂ, ಎಂದೆ. "ಮ್ಯಾಮ್, ಒಡೆದುಹೋಗುತ್ತದೆ" ಅಂದರು. ಒಡೆಯಲಿ, ಎಂದೆ. ಕೊನೆಗೆ ಅದು ಕಿವಿ ಸೀಳುವ ಹಾಗೆ ಕೂಗಿತು, ನಮ್ಮ ಚಂಡೆಯ ಹಾಗೆ. ಮೂವತ್ತು ವರ್ಷದ ಮೇಲೆ ನನ್ನ ಮಣಿಕಟ್ಟು ನೋಯುತ್ತಿದೆ. ಇವರು ರಾತ್ರಿ ಎಣ್ಣೆ ತಿಕ್ಕಿಕೊಡುತ್ತಾರೆ. ನಾವು ಮಾತಾಡುತ್ತೇವೆ ಈಗ. ಮೊದಲಿನ ಹಾಗಲ್ಲ, ಸ್ವಲ್ಪ ನಿಧಾನವಾಗಿ.

ಎಲ್ಲಿದ್ದರೂ ಒಂದು ದೀಪ ಹಚ್ಚು.

ಮೋಹಿನಿ ಅಕ್ಕ


ಸ್ಯಾನ್ ಡಿಯಾಗೊ
ಜನವರಿ 19, 1994

ಅಕ್ಕಾ,

ಎಲ್ಲರೂ ಕ್ಷೇಮವೇ? ಸೋಮವಾರ ಬೆಳಿಗ್ಗೆ ಎದ್ದು ಟಿವಿ ಹಾಕಿದರೆ ನಿಮ್ಮ ಕಡೆ ಭೂಕಂಪ, ಫ್ರೀವೇ ಮುರಿದು ಬಿದ್ದಿದೆ. ಟೊರೆನ್ಸಿಗೆ ಫೋನ್ ಹತ್ತಲೇ ಇಲ್ಲ. ಎರಡು ದಿನದಿಂದ ಅದನ್ನೇ ತಿರುಗಿಸುತ್ತಿದ್ದೇನೆ. ಮೊದಲು ನಿಮ್ಮ ಮನೆಗೆ, ಆಮೇಲೆ ಹ್ಯಾಂಕ್ ಅವರಿಗೆ, ಮತ್ತೆ ನಿಮ್ಮ ಮನೆಗೆ. ಐದು ತಿಂಗಳು ಸಿಟ್ಟು ಹಿಡಿದು ಕೂತವನಿಗೆ ಆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಿಮ್ಮ ದೀಪಾವಳಿ ಪತ್ರ ಕಿಸೆಯಲ್ಲೇ ಇದೆ, ಮಡಿಕೆಗಳಲ್ಲಿ ಹರಿಯುತ್ತಾ ಬಂದಿದೆ.

ನೀವು ಕೇಳಿದ್ದಿರಿ. ಹೌದು, ಪಟ್ಟಿ ಯಾರದ್ದೆಂದು ನನಗೆ ಗೊತ್ತಿತ್ತು. ಕೊನೆಯ ದಿನ ಸಾಹೇಬರು ಪಾರ್ಕಿಂಗ್ ಲಾಟಿಗೆ ನನ್ನ ಹಿಂದೆಯೇ ಬಂದರು. ಏನೋ ಹೇಳಲು ಬಾಯಿ ತೆರೆದರು, ಆಗಲಿಲ್ಲ. ಕೊನೆಗೆ, "ಕಾರು ಮಾರುತ್ತೀಯಂತೆ" ಅಂದರು. ನಾನು ಅವರ ಮೇಲೆ ಕೂಗಾಡಬೇಕೆಂದಿದ್ದೆ. ಅದರ ಬದಲು ಕಾರಿನ ಬೆಲೆ ಹೇಳಿದೆ. ನಾನು ಅವರ ಜಾಗದಲ್ಲಿದ್ದಿದ್ದರೆ ಯಾರ ಹೆಸರು ಬರೆಯುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನೋವು ಮಾತ್ರ ಇದೆ, ಅದನ್ನು ಇಲ್ಲವೆನ್ನಲಾರೆ.

ಬೇಗ ಒಂದು ಸಾಲು ಬರೆಯಿರಿ. ಗರಾಜು ನಿಂತಿದೆಯೇ?

ನಿಮ್ಮ,
ಶರಣು


ಟೊರೆನ್ಸ್
ಫೆಬ್ರವರಿ 6, 1994

ಪ್ರೀತಿಯ ಶರಣುಗೆ,

ನಾವೆಲ್ಲ ಕ್ಷೇಮ. ಎರಡು ಪಿಂಗಾಣಿ ಬಟ್ಟಲು ಹೋದವು, ಅಷ್ಟೆ. ಗರಾಜೂ ನಿಂತಿದೆ. ಗೋಡೆಯ ರೆಕಾರ್ಡುಗಳೆಲ್ಲ ಕೆಳಗೆ ಬಂದು ಮೆಲೊಟ್ರಾನಿನ ಮೇಲೆ ಬಿದ್ದಿದ್ದವು. ಒಳಗಿನ ಟೇಪಿನ ಪಟ್ಟಿಗಳು ಶಾವಿಗೆಯ ಹಾಗೆ ಹೊರಗೆ ಹರಡಿವೆ. ಒಬ್ಬ ಮೆಕ್ಯಾನಿಕ್ ಬಂದು ನೋಡಿ, ಕಸಕ್ಕೆ ಹಾಕಿ ಎಂದು ಹೇಳಿ ಹೋದ. ಆದರೂ ಹ್ಯಾಂಕ್ ಪಟ್ಟಿಗಳನ್ನು ಒಂದೊಂದಾಗಿ ಹೆಕ್ಕಿ ಹಗ್ಗಕ್ಕೆ ತೂಗುಹಾಕಿದ್ದಾರೆ.

ನೀನು ಬಾ. ಕೆಲಸ ಸಿಗಲಿ, ಆಮೇಲೆ ಬರುತ್ತೇನೆ ಎನ್ನಬೇಡ. ನಿನ್ನ ಕೆಲಸ ಏನೆಂದು ಅಲ್ಲಿ ಎಲ್ಲರಿಗೂ ಗೊತ್ತು. ಗೊತ್ತಾದ ಮೇಲೂ ಡೆಬ್ರಾ ನಿನ್ನ ಕುರ್ಚಿಯ ಮೇಲೆ ಯಾರನ್ನೂ ಕೂರಲು ಬಿಟ್ಟಿಲ್ಲ.

ನಿನ್ನ ಪತ್ರವನ್ನು ಈ ಸಲ ಇವರಿಗೆ ತೋರಿಸಿದೆ. ನಿನ್ನನ್ನು ಕೇಳದೆ ಎರಡನೆಯ ಸಲ. ಬೈಯುವುದನ್ನು ಒಟ್ಟಿಗೇ ಬೈ. ಕೆಳಗಿನ ಸಾಲು ಅವರದು.

ಮೋಹಿನಿ ಅಕ್ಕ

ಶರಣು, ಪಾರ್ಕಿಂಗ್ ಲಾಟಿನಲ್ಲಿ ನಾನು ಹೇಳಲು ಬಂದದ್ದು ಇದು: ಪಟ್ಟಿ ಮಾಡಿದವನು ನಾನು. ನಿನ್ನ ಕೆಲಸದಲ್ಲಿ ಒಂದು ಲೋಪವೂ ಇರಲಿಲ್ಲ. ಒಂದು ವರ್ಷ ತಡವಾಯಿತು, ಕ್ಷಮಿಸು. ಶನಿವಾರ ನಾನೇ ಬಂದು ನಿನ್ನನ್ನು ನಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆ, ಭಾನುವಾರ ಗರಾಜಿಗೆ. ಬೇಡವೆಂದರೆ ಬಾಗಿಲು ತೆರೆಯಬೇಡ, ನಾನು ವಾಪಸ್ಸು ಹೋಗುತ್ತೇನೆ. ಚಂದ್ರಮೋಹನ್.


ಸ್ಯಾನ್ ಡಿಯಾಗೊ
ಜೂನ್ 12, 1994

ಪ್ರೀತಿಯ ಅಕ್ಕಾ,

ಹೋದ ಭಾನುವಾರ ಸ್ಯಾನ್ ಪೀಡ್ರೊದ ಪಾರ್ಕ್ ಹಾಲಿನಲ್ಲಿ ನಾವು ಗರಾಜಿನವರೆಲ್ಲ ಆ ಇಪ್ಪತ್ತೆರಡು ನಿಮಿಷದ ಹಾಡು ನುಡಿಸಿದಾಗ ನೀವು ಜನರಿಗೆ ಬೆನ್ನು ಮಾಡಿ ಡ್ರಮ್ ಕಡೆಗೇ ನೋಡುತ್ತಿದ್ದಿರಿ. ನಾನು ಕೊನೆಗೂ ರಿಪೇರಿಯಾದ ಮೆಲೊಟ್ರಾನಿನ ಹಿಂದಿನಿಂದ ಕಂಡದ್ದನ್ನು ನಿಮಗೆ ಹೇಳಬೇಕು, ನೀವದನ್ನು ಕಂಡಿಲ್ಲ.

ಜನ ಅರವತ್ತು ಇದ್ದಿರಬೇಕು. ಹ್ಯಾಂಕ್ ಕರೆತಂದ ಬಂದರಿನ ಗೆಳೆಯರು ಸಭ್ಯತೆಗಾಗಿ ಕೂತಿದ್ದರು, ಇಬ್ಬರು ಆಕಳಿಸುತ್ತಲೂ ಇದ್ದರು. ಹನ್ನೊಂದನೆಯ ನಿಮಿಷಕ್ಕೆ ಎಲ್ಲ ನಿಂತು ನೀವೊಬ್ಬರೇ ಬಾರಿಸಲು ಶುರು ಮಾಡಿದಿರಿ. ಆಕಳಿಸುತ್ತಿದ್ದವನು ಬಾಯಿ ಮುಚ್ಚಲು ಮರೆತ. ಶ್ರೀಜಾ ತನ್ನ ಗೆಳತಿಯ ಕೈ ಹಿಡಿದು, "ದಟ್ಸ್ ಮೈ ಮಾಮ್" ಅಂದಳು. ಪಕ್ಕದಲ್ಲಿ ಸಾಹೇಬರು ಬೆರಳು ಮಡಚಿ ಎಣಿಸುತ್ತಿದ್ದರು. ಪ್ರತಿ ಸಲವೂ ತಪ್ಪುತ್ತಿದ್ದರು. ತಪ್ಪಿದಾಗಲೆಲ್ಲ ಮೊದಲಿನಿಂದ. ಕಣ್ಣೊರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ, ಹಾಗೇ ಬಿಟ್ಟರು.

ಫೆಬ್ರವರಿಯ ಆ ಶನಿವಾರ ಬಾಗಿಲು ತೆರೆಯಲು ನಾನು ತುಂಬ ಹೊತ್ತು ತೆಗೆದುಕೊಂಡೆ. ಅವರು ಹೋಗದೆ ಮೆಟ್ಟಿಲ ಮೇಲೆ ಕೂತಿದ್ದರು. ಆಮೇಲಿನ ಹದಿನೈದು ವಾರ ಅವರೇ ಕರೆದುಕೊಂಡು ಹೋಗಿ, ಅವರೇ ಬಿಟ್ಟುಹೋದರು. ಮೊದಮೊದಲು ದಾರಿಯುದ್ದಕ್ಕೂ ಆ ಕ್ಯಾಸೆಟ್ಟಿನ ಹಾಡು ಬಿಟ್ಟರೆ ಬೇರೆ ಮಾತಿರಲಿಲ್ಲ. ಈಗ ಹಾಡನ್ನು ನಿಲ್ಲಿಸಿಯೂ ಮಾತಾಡುತ್ತೇವೆ.

ಈಗ ಸುದ್ದಿ. ಕಿವಿ ಕೇಳದವರಿಗೆ ಯಂತ್ರ ಮಾಡುವ ಒಂದು ಸಣ್ಣ ಕಂಪನಿ ಇಲ್ಲಿದೆ. ಇಂಟರ್ವ್ಯೂನಲ್ಲಿ, ಈಗ ಏನು ಮಾಡುತ್ತಿದ್ದೀ ಎಂದು ಕೇಳಿದರು. ಹಿಂದಿನ ಸಲಗಳಂತೆ ರೇಡಾರಿನ ಕಥೆ ಹೇಳದೆ, ಜೆರಾಕ್ಸ್ ಅಂಗಡಿಯಲ್ಲಿದ್ದೇನೆ, ಭಾನುವಾರ ಮೂವತ್ತೈದು ಟೇಪ್ ಪಟ್ಟಿಗಳಿಗೆ ದನಿ ಕೂಡಿಸುತ್ತೇನೆ ಎಂದೆ. ಆ ಹೆಂಗಸು ಪೆನ್ನು ಕೆಳಗಿಟ್ಟು ಒಂದು ತಾಸು ಅದನ್ನೇ ಕೇಳಿದರು. ನಿನ್ನೆ ಅವರ ಕಾಗದ ಬಂತು. ನಾಳೆ ಕೆಲಸಕ್ಕೆ ಸೇರುತ್ತೇನೆ.

ಸೇರುವ ಮೊದಲೇ ಅವ್ವನಿಗೆ ಫೋನ್ ಮಾಡಿ ಕಳೆದ ಒಂದೂವರೆ ವರ್ಷದ್ದೆಲ್ಲ ಹೇಳಿದೆ. ಅವ್ವ ಕೊನೆಯವರೆಗೂ ಕೇಳಿದಳು. ಆಮೇಲೆ, "ಇಷ್ಟು ದಿನಾ ಇದನ್ನೆಲ್ಲಾ ಒಬ್ಬನ ಹೊತ್ಕೊಂಡು ತಿರುಗಿದ್ಯಲ್ಲೋ ಯಪ್ಪಾ" ಅಂದಳು. "ಒಬ್ಬನ ಇರಲಿಲ್ಲವ್ವಾ" ಅಂದೆ. ಯಾರಿದ್ದರು ಎಂದು ಕೇಳಿದಳು. ನಿಮ್ಮೆಲ್ಲರ ಹೆಸರು ಹೇಳಲು ಶುರು ಮಾಡಿದೆ. ಫೋನ್ ಕಾರ್ಡ್ ಮುಗಿಯಿತು, ಹೆಸರುಗಳು ಮುಗಿದಿರಲಿಲ್ಲ.

ನಿಮ್ಮ ತಮ್ಮ,
ಶರಣು